ಹಳೇ ಮನೆಯ ಕಟ್ಟಿಗೆ ಕಿಟಕಿ: ಕಿತ್ತೆಸೆಯಬೇಕೆ, ಉಳಿಸಿಕೊಳ್ಳಬಹುದೆ?

ಆನೆಗೊಂದಿಯ ಒಳ ಓಣಿಗಳಲ್ಲಿ, ಕೊಪ್ಪಳದ ಹಳೇ ಪೇಟೆಯಲ್ಲಿ, ಕುಷ್ಟಗಿ–ಯಲಬುರ್ಗಾ ಕಡೆಯ ವಾಡೆಗಳಲ್ಲಿ ಇವತ್ತಿಗೂ ದಪ್ಪ ಗೋಡೆಯ ಮಾಳಿಗೆ ಮನೆಗಳು ಉಳಿದಿವೆ. ಅವುಗಳ ಕಿಟಕಿಗಳನ್ನು ನೀವು ನೋಡಿರುತ್ತೀರಿ. ಅಂಗೈಯಗಲದ ಚೌಕಟ್ಟು, ನಡುವೆ ಕಬ್ಬಿಣದ ಸರಳು, ಒಳಗೆ ಎರಡು ಪುಟ್ಟ ಕಟ್ಟಿಗೆ ಕದ, ಅದಕ್ಕೊಂದು ಚಿಲಕ. ಬಹಳಷ್ಟು ಕಡೆ ಕೆಳಗಿನ ಪಟ್ಟಿ ಪುಡಿಯಾಗಿರುತ್ತದೆ, ಕದ ಬಿಗಿದುಕೊಂಡಿರುತ್ತದೆ, ಹತ್ತು ಪದರ ಬಣ್ಣ ಬಿರುಕುಬಿಟ್ಟು ಎದ್ದಿರುತ್ತದೆ.

ಮನೆ ರಿಪೇರಿ ಎಂದ ಕೂಡಲೇ ಮೊದಲು ಕೇಳಿಬರುವ ಸಲಹೆ ಒಂದೇ: "ಹಳೇ ಕಟ್ಟಿಗೆ, ಅದರ ಆಯುಷ್ಯ ಮುಗೀತು. ಕಿತ್ತು ಹಾಕಿ ಅಲ್ಯುಮಿನಿಯಂ ಕೂರಿಸಿ." ಕಿತ್ತದ್ದರಲ್ಲಿ ಒಳ್ಳೆಯ ಸಾಗವಾನಿ ಇದ್ದರೆ ಹಳೇ ಸಾಮಾನಿನವರ ಪಾಲು, ಉಳಿದದ್ದು ನೀರೊಲೆಯ ಪಾಲು.

ಈ ಸಲಹೆ ಎಷ್ಟು ಸರಿ? ಕಟ್ಟಿಗೆಗೆ ನಿಜವಾಗಿಯೂ ಆಯುಷ್ಯ ಎಂಬುದಿದೆಯೆ? ಹಳೇ ಕಿಟಕಿಯಿಂದ ಮನೆಗೆ ಆಗುವ ಉಪಯೋಗವೇನು? ಸರಿಪಡಿಸುವಾಗ ಆರೋಗ್ಯಕ್ಕೆ ಅಪಾಯವಿದೆಯೆ? ಒಂದೊಂದಾಗಿ ನೋಡೋಣ.

ಪುಟ್ಟ ಕಿಟಕಿ ಹಿಂದುಳಿದಿದ್ದರ ಗುರುತೇ?

"ಹಿಂದಿನವರಿಗೆ ಗಾಳಿ ಬೆಳಕಿನ ಅರಿವಿರಲಿಲ್ಲ, ಅದಕ್ಕೇ ಇಷ್ಟು ಚಿಕ್ಕ ಕಿಟಕಿ" ಎನ್ನುವವರಿದ್ದಾರೆ. ಇದು ಅರ್ಧ ಮಾತ್ರ ನಿಜ. ಕಳ್ಳರ ಭಯ, ಗಾಜಿನ ಕೊರತೆ ಇವೆಲ್ಲ ಕಾರಣವಿದ್ದವು. ಆದರೆ ಕೊಪ್ಪಳ ಜಿಲ್ಲೆಯ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಏಪ್ರಿಲ್–ಮೇ ತಿಂಗಳಲ್ಲಿ ಹಗಲಿನ ತಾಪ 40 ಡಿಗ್ರಿಯ ಆಸುಪಾಸು.

ಇಂಥ ಕಡೆ ಮಣ್ಣು–ಕಲ್ಲಿನ ದಪ್ಪ ಗೋಡೆ ಹಗಲೆಲ್ಲ ಬಿಸಿಯನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಆ ಬಿಸಿ ಒಳಮೈಗೆ ತಲುಪುವಷ್ಟರಲ್ಲಿ ಹಲವು ತಾಸು ಕಳೆದು ಹೊರಗೆ ಹೊತ್ತು ಮುಳುಗಿರುತ್ತದೆ. ಆಗ ಕದ ತೆರೆದರೆ ರಾತ್ರಿಯ ತಂಪು ಗಾಳಿ ಗೋಡೆಯನ್ನು ಆರಿಸುತ್ತದೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿ ಗಾಳಿ ಮೇಲೇರಿ ಹೋದಂತೆ, ಕೆಳಗಿನ ಕಿಟಕಿಯಿಂದ ಹೊಸ ಗಾಳಿ ಒಳಬರುತ್ತದೆ. ಬೆಳಗ್ಗೆ ಬಿಸಿಲೇರುವ ಮುಂಚೆ ಕದ ಮುಚ್ಚುವುದು, ಸಂಜೆ ತೆರೆಯುವುದು – ಹಿರಿಯರ ಈ ದಿನಚರಿ ಆ ಮನೆಯನ್ನು ತಂಪಾಗಿಡುವ ವಿಧಾನವೇ ಆಗಿತ್ತು.

ಈಗ ಇದೇ ಜಾಗದಲ್ಲಿ ಅಗಲವಾದ ಗಾಜಿನ ಕಿಟಕಿ ಇಟ್ಟರೆ ಏನಾಗುತ್ತದೆ? ಸಾದಾ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಹೆಚ್ಚಿನ ಪಾಲನ್ನು ಒಳಗೆ ಬಿಡುತ್ತದೆ. ಒಳಗಿನ ನೆಲ, ಗೋಡೆ ಕಾಯುತ್ತವೆ, ಆ ಕಾವು ಗಾಜಿನ ಮೂಲಕ ಸುಲಭವಾಗಿ ಹೊರಹೋಗದು. ಕಟ್ಟಿಗೆಯ ಕದವಾದರೋ ಬಿಸಿಲಿಗೇ ಅಡ್ಡ ನಿಲ್ಲುತ್ತದೆ. ಚೌಕಟ್ಟಿನ ವಿಷಯಕ್ಕೆ ಬಂದರೆ, ಅಲ್ಯುಮಿನಿಯಂ ಕಟ್ಟಿಗೆಗಿಂತ ಸುಮಾರು ಸಾವಿರ ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಮೇ ತಿಂಗಳ ಮಧ್ಯಾಹ್ನ ಎರಡನ್ನೂ ಒಮ್ಮೆ ಮುಟ್ಟಿ ನೋಡಿದರೆ ಯಾವ ಪುಸ್ತಕವೂ ಬೇಡ.

ಇಂಗ್ಲೆಂಡಿನಲ್ಲೂ ಇದೇ ಜಗಳ

ಬ್ರಿಟನ್ನಿನ ಹಳೇ ಮನೆಗಳಲ್ಲಿ 'ಸ್ಯಾಶ್' ಕಿಟಕಿಗಳಿರುತ್ತವೆ. ಎರಡು ಗಾಜಿನ ಚೌಕಟ್ಟುಗಳು ಒಂದರ ಹಿಂದೊಂದು ಮೇಲೆ ಕೆಳಗೆ ಜಾರುತ್ತವೆ. ಪಕ್ಕದ ಪೆಟ್ಟಿಗೆಯೊಳಗೆ ಹಗ್ಗಕ್ಕೆ ತೂಗುಬಿಟ್ಟ ಕಬ್ಬಿಣದ ಗುಂಡು ಚೌಕಟ್ಟಿನ ಭಾರವನ್ನು ಸರಿದೂಗಿಸುತ್ತದೆ. ನಮ್ಮ ಹಳೇ ರೈಲು ಡಬ್ಬಿಗಳ, ಮೇಲಕ್ಕೆತ್ತಿ ಕೊಕ್ಕೆಗೆ ಸಿಕ್ಕಿಸುವ ಕಿಟಕಿಗಳು ನಿಮಗೆ ನೆನಪಿದ್ದರೆ ಅದೇ ಜಾತಿಯದು ಎನ್ನಬಹುದು. ವ್ಯತ್ಯಾಸವೆಂದರೆ ರೈಲಿನದಕ್ಕೆ ಆ ಗುಂಡಿನ ಆಸರೆ ಇರಲಿಲ್ಲ, ಬೆರಳಿನ ಮೇಲೆ ಬೀಳುತ್ತಿತ್ತು.

ಅಲ್ಲಿಯೂ "ಹಳೆಯದು ಸೋರುತ್ತದೆ, ಪ್ಲಾಸ್ಟಿಕ್ ಕಿಟಕಿ ಹಾಕಿ" ಎಂಬ ಸಲಹೆ ದಶಕಗಳಿಂದ ಇದೆ. 2008ರಲ್ಲಿ ಗ್ಲಾಸ್ಗೋ ಕ್ಯಾಲಿಡೋನಿಯನ್ ವಿಶ್ವವಿದ್ಯಾಲಯದವರು ಸ್ಕಾಟ್ಲೆಂಡಿನ ಪರಂಪರೆ ಇಲಾಖೆಗಾಗಿ ಇದನ್ನು ಅಳೆದು ನೋಡಿದರು. ಹಳೇ ಕಿಟಕಿಯ ಒಳಗಿನ ಕಟ್ಟಿಗೆ ಕದಗಳನ್ನು ಮುಚ್ಚಿದಷ್ಟಕ್ಕೇ ಗಾಜಿನ ಮೂಲಕ ನಷ್ಟವಾಗುವ ಶಾಖ ಸುಮಾರು ಅರ್ಧದಷ್ಟು ತಗ್ಗಿತು. ಸಂದುಗಳನ್ನು ಮುಚ್ಚಿದಾಗ ಗಾಳಿ ಸೋರುವುದೂ ಬಹುಪಾಲು ನಿಂತಿತು. ಅವರದು ಚಳಿಯನ್ನು ಹೊರಗಿಡುವ ಚಿಂತೆ, ನಮ್ಮದು ಬಿಸಿಲನ್ನು ಹೊರಗಿಡುವ ಚಿಂತೆ. ಆದರೆ ಪಾಠ ಒಂದೇ: ಕೆಟ್ಟಿರುವುದು ಕಿಟಕಿಯ ಯಾವ ಭಾಗ ಎಂದು ನೋಡದೆ ಇಡೀ ಕಿಟಕಿಯ ಮೇಲೆ ತಪ್ಪು ಹೊರಿಸಬಾರದು.

ಕಟ್ಟಿಗೆ ವಯಸ್ಸಾಗಿ ಸಾಯುತ್ತದೆಯೆ?

ಇಲ್ಲ. ಕಟ್ಟಿಗೆ ವಯಸ್ಸಿನಿಂದಲ್ಲ, ನೀರಿನಿಂದ ಕೊಳೆಯುತ್ತದೆ. ಕೊಳೆಸುವುದು ಶಿಲೀಂಧ್ರ. ಕಟ್ಟಿಗೆಯಲ್ಲಿ ತೇವ ಸುಮಾರು ಶೇಕಡಾ 20ರ ಕೆಳಗಿದ್ದರೆ ಅದು ಬೆಳೆಯಲಾರದು. ಒಣಗಿಸಿಟ್ಟ ಕಟ್ಟಿಗೆ ನೂರಾರು ವರ್ಷ ಬಾಳುವುದು ಇದೇ ಕಾರಣಕ್ಕೆ.

ಹಾಗಾಗಿ ಹಾನಿ ಎಂದೂ ಕಿಟಕಿಯ ತುಂಬ ಸಮನಾಗಿ ಹರಡಿರುವುದಿಲ್ಲ. ನೀರು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಮಾತ್ರ. ಹೆಚ್ಚಾಗಿ ಮೂರು ಜಾಗ: ಚೌಕಟ್ಟಿನ ಕೆಳಗಿನ ಪಟ್ಟಿ, ಅದಕ್ಕೆ ನಿಲುವು ಪಟ್ಟಿಗಳು ಸೇರುವ ಮೂಲೆ, ಗೋಡೆಗೆ ತಾಗಿದ ಹಿಂಬದಿ. ಕಟ್ಟಿಗೆಯ ಎಳೆಗಳು ಸಣ್ಣ ಕೊಳವೆಗಳಿದ್ದಂತೆ. ಪಟ್ಟಿಯ ಅಗಲ ಮೈಯಿಂದ ನೀರು ನಿಧಾನ ಇಳಿದರೆ, ಕೊಯ್ದ ತುದಿಯಿಂದ ಬೇಗನೆ ಏರುತ್ತದೆ. ಮೂಲೆಗಳೇ ಮೊದಲು ಹೋಗುವುದು ಅದಕ್ಕೇ. ಮೇಲಿನ ಮುಕ್ಕಾಲು ಭಾಗ ಗಟ್ಟಿಯಾಗಿಯೇ ಇರುತ್ತದೆ.

ಪರೀಕ್ಷೆಗೆ ಯಂತ್ರ ಬೇಡ, ಚೀಲ ಹೊಲಿಯುವ ದಬ್ಬಣ ಸಾಕು. ಚೌಕಟ್ಟಿನ ಉದ್ದಕ್ಕೂ ಗೇಣಿಗೊಂದು ಕಡೆ ಒತ್ತುತ್ತಾ ಬನ್ನಿ. ಗಟ್ಟಿ ಕಟ್ಟಿಗೆ ತಡೆಯುತ್ತದೆ. ಕೊಳೆತ ಕಡೆ ದಬ್ಬಣ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಎಲ್ಲಿಂದ ಎಲ್ಲಿಗೆ ಇಳಿಯಿತು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ರೋಗದ ನಕ್ಷೆ ಸಿದ್ಧ. "ಇಡೀ ಕಿಟಕಿ ಹೋಗಿದೆ" ಎಂದುಕೊಂಡದ್ದು ಬಹುತೇಕ "ಕೆಳಗಿನ ಗೇಣುದ್ದ ಹೋಗಿದೆ" ಎಂದಾಗುತ್ತದೆ.

ಹಳೇ ಕಟ್ಟಿಗೆಯನ್ನು ಉಳಿಸಿಕೊಳ್ಳಲು ಇನ್ನೊಂದು ಕಾರಣವಿದೆ. ಸಾಗವಾನಿಯ ಚೇಗಿನಲ್ಲಿ ಎಣ್ಣೆಯಂಥ ಅಂಶಗಳೂ ಟೆಕ್ಟೋಕ್ವಿನೋನ್ ಎಂಬ ರಾಸಾಯನಿಕವೂ ಇರುತ್ತವೆ. ಗೆದ್ದಲು, ಶಿಲೀಂಧ್ರಗಳಿಗೆ ಇವು ಸೇರವು. ಕಾಡಿನಲ್ಲಿ ನಿಧಾನವಾಗಿ ಬೆಳೆದ ಮುದಿ ಮರದಲ್ಲಿ ಚೇಗು ಹೆಚ್ಚು. ಬೇಗ ಕಡಿದ ತೋಪಿನ ಎಳೆ ಮರದಲ್ಲಿ ಬಿಳಿ ಭಾಗ ಹೆಚ್ಚು, ರಕ್ಷಣೆ ಕಡಿಮೆ. ಹಳೆಯದನ್ನು ಕಿತ್ತು ಹೊಸ ಸಾಗವಾನಿ ಹಾಕಿದರೂ ಅದು ಅಷ್ಟೇ ಬಾಳಿಕೆ ಬರುತ್ತದೆಂಬ ಖಾತ್ರಿಯಿಲ್ಲ.

ಸಿಮೆಂಟ್ ಮೆತ್ತಿದರೆ ಭದ್ರವಲ್ಲವೆ?

ನಮ್ಮ ಕಡೆ ಹಳೇ ಕಿಟಕಿಗಳನ್ನು ಹಾಳುಮಾಡಿದ್ದರಲ್ಲಿ ಮಳೆಗಿಂತ ಸಿಮೆಂಟಿನ ಪಾಲು ಕಡಿಮೆಯದಲ್ಲ. ಮಣ್ಣು, ಸುಣ್ಣದ ಗಿಲಾವು ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದಾಗ ಗೋಡೆಯೊಳಗಿನ ತೇವಕ್ಕೆ ಹೊರದಾರಿ ತಪ್ಪುತ್ತದೆ. ಆಗ ಅದು ಮೆತ್ತಗಿನ ಜಾಗ ಹುಡುಕುತ್ತದೆ – ಅದೇ ಕಿಟಕಿಯ ಚೌಕಟ್ಟು. ಚೌಕಟ್ಟು ಮತ್ತು ಸಿಮೆಂಟಿನ ನಡುವೆ ಕೂದಲೆಳೆಯ ಬಿರುಕು ಬಿಟ್ಟೇ ಬಿಡುತ್ತದೆ, ಏಕೆಂದರೆ ಕಟ್ಟಿಗೆ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಹಾಗಲ್ಲ. ಆ ಬಿರುಕಿನಲ್ಲಿ ಇಳಿದ ಮಳೆನೀರು ಒಣಗುವುದೇ ಇಲ್ಲ.

ಕೊಳೆತ ಪಟ್ಟಿಯ ತೂತಿಗೆ ಸಿಮೆಂಟ್ ತುಂಬುವುದೂ ಹೀಗೆಯೇ. ಹೊರಗೆ ನುಣ್ಣಗೆ ಕಾಣುತ್ತದೆ, ಒಳಗೆ ಕೊಳೆಯುವುದು ಮುಂದುವರಿಯುತ್ತದೆ.

ಕದ ಬಿಗಿದುಕೊಳ್ಳುವುದು ಏಕೆ?

ಕಟ್ಟಿಗೆ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಅಗಲಕ್ಕೆ ಮಾತ್ರ ಹಿಗ್ಗುತ್ತದೆ. ಮಳೆಗಾಲದಲ್ಲಿ ಬಿಗಿಯಾದ ಕದ ಬೇಸಿಗೆಯಲ್ಲಿ ಸಡಿಲವಾದರೆ ಅದು ಸಹಜ. ಆಷಾಢದಲ್ಲಿ ಕೀಸಿದರೆ ಚೈತ್ರದಲ್ಲಿ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಒಂದು ಸುತ್ತು ಋತು ನೋಡಿ ಕೈಹಾಕುವುದು ಲೇಸು.

ವರ್ಷವಿಡೀ ಬಿಗಿಯಾಗಿದ್ದರೆ ಕಾರಣ ಬೇರೆ. ಒಂದೋ, ವರ್ಷವರ್ಷವೂ ಹಬ್ಬಕ್ಕೆ ಬಳಿದ ಬಣ್ಣದ ಪದರಗಳು ಸೇರಿ ಸಂದು ಮುಚ್ಚಿವೆ. ಇಲ್ಲವೆ ಬಿಜಾಗರಿಯ ಮೊಳೆ ಸಡಿಲಾಗಿ ಕದ ಜೋತಿದೆ. ಇಲ್ಲವೆ ಗೋಡೆಯೇ ಅಲುಗಿದೆ. ಎರೆಭೂಮಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದರ ಮೇಲೆ ನಿಂತ ಮನೆಯ ಚೌಕಟ್ಟು ಚೌಕವಾಗಿ ಉಳಿಯುವುದಿಲ್ಲ. ಎದುರುಬದುರು ಮೂಲೆಗಳ ನಡುವೆ ದಾರ ಹಿಡಿದು ಎರಡೂ ಕರ್ಣಗಳನ್ನು ಅಳೆಯಿರಿ. ಅಳತೆ ಬೇರೆ ಬಂದರೆ ಮೊದಲು ತಳಪಾಯದ ಚಿಂತೆ ಮಾಡಬೇಕು. ಅಲ್ಲಿ ಹೊಸ ಅಲ್ಯುಮಿನಿಯಂ ಹಾಕಿದರೆ ಅದೂ ಸೊಟ್ಟಗಾಗುತ್ತದೆ, ಗಾಜು ಒಡೆಯುತ್ತದೆ.

ಸರಿಪಡಿಸುವುದು ಹೇಗೆ?

ಗಿಡಕ್ಕೆ ಕಸಿ ಕಟ್ಟಿದಂತೆ. ಕೊಳೆತಷ್ಟು ಭಾಗವನ್ನು ಗಟ್ಟಿ ಕಟ್ಟಿಗೆ ಸಿಗುವವರೆಗೆ ಓರೆಯಾಗಿ ಕೊಯ್ದು ತೆಗೆಯುತ್ತಾರೆ. ಅದೇ ಜಾತಿಯ ಒಣಗಿದ ತುಂಡನ್ನು, ಎಳೆಯ ದಿಕ್ಕು ಒಂದೇ ಬರುವಂತೆ, ಅಷ್ಟೇ ಓರೆಯಾಗಿ ಕೊಯ್ದು ಕೂಡಿಸುತ್ತಾರೆ. ಓರೆಯಾಗಿದ್ದಷ್ಟೂ ಅಂಟು ಹಿಡಿಯುವ ಜಾಗ ಹೆಚ್ಚು. ಮೇಲೆ ಕಟ್ಟಿಗೆ ಗೂಟ ಬಡಿದರೆ ಜೋಡಣೆ ಭದ್ರ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಉಬ್ಬಿ ಕಟ್ಟಿಗೆಯನ್ನೇ ಸೀಳುತ್ತದೆ, ಆದ್ದರಿಂದ ಬೇಕೆಂದರೆ ಹಿತ್ತಾಳೆಯ ಅಥವಾ ತುಕ್ಕು ಹಿಡಿಯದ ಉಕ್ಕಿನ ಸ್ಕ್ರೂ. ಕೆಳಗಿನ ಪಟ್ಟಿ ಹೊರಮುಖಕ್ಕೆ ತುಸು ಇಳಿಜಾರಾಗಿರಬೇಕು. ನೀರು ನಿಲ್ಲದಿದ್ದರೆ ಅರ್ಧ ರೋಗ ಅಲ್ಲಿಗೇ ವಾಸಿ.

ಸಣ್ಣ ತೂತು, ಸೀಳುಗಳಿಗೆ ಮಾತ್ರ ತುಂಬುವ ಲೇಪ. ಇಲ್ಲಿ ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರ ಕೆಲಸ ನೆನಪಾಗುತ್ತದೆ. ಹಗುರ ಕಟ್ಟಿಗೆಯ ಬೊಂಬೆಗಳ ಸಂದು ಮುಚ್ಚಲು ಅವರು ಹುಣಸೆ ಬೀಜದ ಅಂಟಿನಲ್ಲಿ ಗೋಣಿನಾರಿನ ಪುಡಿ ಕಲಸಿದ ಕಿಟ್ಟ ಬಳಸುತ್ತಾರೆ. ಅದು ಕಟ್ಟಿಗೆಯ ಜೊತೆ ತುಸು ಹಿಗ್ಗಿ ಕುಗ್ಗಬಲ್ಲದು. ಸಿಮೆಂಟಿಗೆ ಇಲ್ಲದ ಗುಣ ಇದೇ. ಹಾಗೆಂದು ಹುಣಸೆ ಅಂಟನ್ನು ಹೊರಗಿನ ಕಿಟಕಿಗೆ ಹಾಕಬೇಡಿ, ನೀರು ತಾಗಿದರೆ ಕರಗುತ್ತದೆ. ಹೊರಗಡೆಗೆ ಅದೇ ತತ್ವದ, ನೀರಿಗೆ ಜಗ್ಗದ ಅಂಟಿನಲ್ಲಿ ಕಲಸಿದ ಕಟ್ಟಿಗೆ ಪುಡಿ ಆಗಬಹುದು.

ಗೆದ್ದಲಿಗೆ ಸುಟ್ಟ ಎಂಜಿನ್ ಆಯಿಲ್ ಮದ್ದೇ?

ಟ್ರ್ಯಾಕ್ಟರಿನಿಂದ ತೆಗೆದ ಕರಿ ಎಣ್ಣೆಯನ್ನು ಕಟ್ಟಿಗೆಗೆ ಬಳಿಯುವುದು ನಮ್ಮಲ್ಲಿ ಬಹಳ ಕಡೆ ಇದೆ. ಅದು ಎಂದೂ ಒಣಗುವುದಿಲ್ಲ, ಧೂಳು ಹಿಡಿಯುತ್ತದೆ, ಮುಂದೆ ಬಣ್ಣ ಕೂರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಳಸಿದ ಎಂಜಿನ್ ಆಯಿಲಿನಲ್ಲಿ ಕ್ಯಾನ್ಸರಿಗೆ ಕಾರಣವಾಗಬಲ್ಲ ಹೈಡ್ರೋಕಾರ್ಬನ್‌ಗಳೂ ಲೋಹದ ಅಂಶಗಳೂ ಇರುತ್ತವೆ. ಮಕ್ಕಳು ಸರಳು ಹಿಡಿದು ನಿಲ್ಲುವ ಕಿಟಕಿಗೆ ಅದು ತಕ್ಕದ್ದಲ್ಲ.

ಗೆದ್ದಲು ನೆಲದಿಂದ ಮಣ್ಣಿನ ಕೊಳವೆ ಕಟ್ಟಿಕೊಂಡು ಬರುತ್ತದೆ, ಅದಕ್ಕೂ ತೇವ ಬೇಕು. ಕೊಳವೆ ಎಲ್ಲಿಂದ ಏರಿದೆ ಎಂದು ಹುಡುಕಿ ಒಡೆಯುವುದು, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಮಾಡುವುದು ಮೊದಲ ಕೆಲಸ. ಹಾವಳಿ ದೊಡ್ಡದಿದ್ದರೆ ನೆಲಕ್ಕೆ ಔಷಧಿ ಹಾಕಿಸುವುದನ್ನು ತರಬೇತಿ ಇದ್ದವರಿಂದಲೇ ಮಾಡಿಸಿ.

ಕಟ್ಟಿಗೆಗೆ ಎಣ್ಣೆ ಹಚ್ಚುವುದೇ ಆದರೆ ಗಾಳಿಗೆ ಗಟ್ಟಿಯಾಗುವ ಎಣ್ಣೆ ಬೇಕು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ತೆಳು ಪೊರೆಯಾಗುತ್ತದೆ. ಕುಸುಬೆ ಎಣ್ಣೆ ಅರೆಬರೆ ಒಣಗುತ್ತದೆ. ಶೇಂಗಾ ಎಣ್ಣೆ ಒಣಗದೆ ಜಿಗುಟಾಗಿ ವಾಸನೆ ಬರುತ್ತದೆ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಒಳಗೇ ಕಾವು ಹೆಚ್ಚಿ ತಾನಾಗಿ ಬೆಂಕಿ ಹತ್ತಬಹುದು. ಅದನ್ನು ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೆ ನೀರಲ್ಲಿ ನೆನೆಸಿಡಿ.

ಹಳೇ ಬಣ್ಣ: ಯಾರೂ ಹೇಳದ ಅಪಾಯ

ಈ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹಳೇ ಎಣ್ಣೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ, ಮೀರಬಾರದೆಂಬ ನಿಯಮವನ್ನು ಭಾರತ ಸರ್ಕಾರ ಹೊರಡಿಸಿದ್ದು 2016ರಲ್ಲಿ. ಅದು ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಬಳಿದ ಪದರಗಳನ್ನು ಸೀಸದ ಬಣ್ಣವೆಂದೇ ಭಾವಿಸಿ ಕೆಲಸ ಮಾಡುವುದು ಕ್ಷೇಮ.

ಬಣ್ಣ ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡಿರುವಷ್ಟು ಕಾಲ ಅಪಾಯ ಕಡಿಮೆ. ಉಜ್ಜಿ ಪುಡಿ ಮಾಡಿದಾಗ, ಸುಟ್ಟು ಹೊಗೆ ಎಬ್ಬಿಸಿದಾಗ ಅದು ಮೈಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ನುಂಗಿದ ಸೀಸವನ್ನು ಚಿಕ್ಕಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ, ಮತ್ತು ಇಷ್ಟು ಸೀಸ ಸುರಕ್ಷಿತ ಎಂಬ ಮಟ್ಟವೇ ಗೊತ್ತಿಲ್ಲ. ಮಿದುಳಿನ ಬೆಳವಣಿಗೆಗೆ ಆದ ಹಾನಿ ಮರಳಿ ಸರಿಹೋಗುವುದಿಲ್ಲ.

ಆದ್ದರಿಂದ ಒಣ ಕಟ್ಟಿಗೆಯನ್ನು ಯಂತ್ರ ಹಚ್ಚಿ ಉಜ್ಜಬೇಡಿ, ಬೆಂಕಿಯ ದೀಪ ಹಿಡಿದು ಬಣ್ಣ ಸುಡಬೇಡಿ. ನೀರು ಚಿಮುಕಿಸಿ ಒದ್ದೆ ಮಾಡಿ ಕೆರೆಯಿರಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಪುಡಿಯನ್ನು ಅದರಲ್ಲೇ ಸುತ್ತಿ ತೆಗೆಯಿರಿ. ಎನ್-95 ಮುಖಗವಸು ಇರಲಿ. ಮಕ್ಕಳನ್ನು, ಗರ್ಭಿಣಿಯರನ್ನು ದೂರ ಇಡಿ. ಊಟಕ್ಕೆ ಮುಂಚೆ ಕೈ ಮುಖ ತೊಳೆಯಿರಿ. ಮತ್ತು ಬಣ್ಣ ಬಳಿದ ಹಳೇ ಕಿಟಕಿಯ ಚೂರುಗಳನ್ನು ನೀರೊಲೆಗೆ ಹಾಕಲೇಬೇಡಿ. ಒಲೆಯ ಬೂದಿಯಲ್ಲಿ ಆ ಸೀಸ ಉಳಿಯುತ್ತದೆ. ಅದೇ ಬೂದಿಯಿಂದ ಪಾತ್ರೆ ತಿಕ್ಕುವ ಮನೆಗಳು ಇನ್ನೂ ಇವೆ.

ಕಿತ್ತು ಹಾಕುವುದಾದರೂ ಈ ಅಪಾಯ ತಪ್ಪುವುದಿಲ್ಲ ಎಂಬುದನ್ನು ಗಮನಿಸಿ. ಸುತ್ತಿಗೆಯಿಂದ ಒಡೆದು ಕೀಳುವಾಗ ಬಣ್ಣದ ಚೂರು, ಪುಡಿ ಹೆಚ್ಚೇ ಹಾರುತ್ತದೆ.

ನಿಯಮ ಏನು ಹೇಳುತ್ತದೆ?

ತುಂಗಭದ್ರೆಯ ಉತ್ತರ ದಡದ ಆನೆಗೊಂದಿ ಗಂಗಾವತಿ ತಾಲ್ಲೂಕಿನ ಊರು. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2002ರ ಕಾಯ್ದೆಯಡಿ ಬಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಆನೆಗೊಂದಿಯೂ ಇದೆ. ಕೇಂದ್ರ ರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ರಿಪೇರಿಗೂ ಅನುಮತಿ ಬೇಕು. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದಂಥ ಸ್ಮಾರಕದ ಪಕ್ಕ ಮನೆಯಿದ್ದರೆ ಮೊದಲು ವಿಚಾರಿಸಿ, ಆಮೇಲೆ ಗುದ್ದಲಿ ಎತ್ತಿ.

ಆದರೆ ಊರಿನ ಹಳೇ ಮನೆಗಳಲ್ಲಿ ಬಹುಪಾಲು ಯಾವ ಪಟ್ಟಿಯಲ್ಲೂ ಇಲ್ಲ. ಅವುಗಳಿಗಾಗಿಯೇ ಇಂಟ್ಯಾಕ್ ಸಂಸ್ಥೆ 2004ರಲ್ಲಿ ಒಂದು ಸನ್ನದು ಒಪ್ಪಿಕೊಂಡಿತು. ರಕ್ಷಣೆಯಿಲ್ಲದ ಕಟ್ಟಡಗಳೂ ಪರಂಪರೆಯೇ, ಅವನ್ನು ಉಳಿಸುವಲ್ಲಿ ಸ್ಥಳೀಯ ಕುಶಲಕರ್ಮಿಗಳ ತಿಳಿವಳಿಕೆಗೆ ಬೆಲೆ ಕೊಡಬೇಕು ಎಂಬುದು ಅದರ ತಿರುಳು. ಆನೆಗೊಂದಿಯಲ್ಲಿ ಕಿಷ್ಕಿಂದ ಟ್ರಸ್ಟ್ ಹಳೇ ಮನೆಗಳನ್ನು ಸರಿಪಡಿಸಿ ಬಳಕೆಗೆ ತಂದಿರುವುದು ಇಂಥದ್ದು ಸಾಧ್ಯ ಎಂಬುದಕ್ಕೆ ಕಣ್ಣೆದುರಿನ ಉದಾಹರಣೆ.

ಹಾಗಾದರೆ ಎಂದೂ ಬದಲಿಸಬಾರದೆ?

ಹಾಗೇನಿಲ್ಲ. ನಿಲುವು ಪಟ್ಟಿಗಳೆರಡೂ ಬುಡದಿಂದ ತುದಿವರೆಗೆ ಟೊಳ್ಳಾಗಿದ್ದರೆ, ಮೇಲಿನ ಗೋಡೆಯ ಭಾರ ಆ ಚೌಕಟ್ಟಿನ ಮೇಲೇ ಕೂತಿದ್ದರೆ, ಬದಲಿಸುವುದೇ ಬುದ್ಧಿವಂತಿಕೆ. ಆಗಲೂ ಗಟ್ಟಿಯಾದ ತುಂಡುಗಳನ್ನು ಮಾರಬೇಡಿ. ಇನ್ನೊಂದು ಕಿಟಕಿಯ ಕಸಿಗೆ ಅದಕ್ಕಿಂತ ಒಳ್ಳೆಯ ಕಟ್ಟಿಗೆ ಸಿಗದು.

ಖರ್ಚಿನ ಪ್ರಶ್ನೆಯೂ ನಿಜವಾದದ್ದೇ. ಕಸಿ ಕೆಲಸಕ್ಕೆ ಸಾಮಗ್ರಿ ಕಡಿಮೆ, ಕೂಲಿ ಹೆಚ್ಚು. ಕೈಕೆಲಸ ಬಲ್ಲ ಬಡಿಗೇರರೂ ಕಡಿಮೆಯಾಗುತ್ತಿದ್ದಾರೆ. ಎಲ್ಲ ಕಿಟಕಿಗಳನ್ನೂ ಒಮ್ಮೆಲೇ ಮಾಡಿಸಬೇಕೆಂದಿಲ್ಲ. ಮಳೆ ಹೊಡೆಯುವ ದಿಕ್ಕಿನದನ್ನು ಮೊದಲು ಮಾಡಿಸಿ, ಉಳಿದವನ್ನು ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಿ.

ಸೊಳ್ಳೆಯ ಕಾಟವೂ ಇದೆ. ಕಾಲುವೆ ನೀರಿನ ಗಂಗಾವತಿಯ ಗದ್ದೆ ಬಯಲಿನಲ್ಲಿ ಕಿಟಕಿಗೆ ಜಾಳಿಗೆ ಬೇಡ ಎನ್ನಲಾಗದು. ಅದಕ್ಕೆ ಹಳೆಯದನ್ನು ಕೀಳಬೇಕಿಲ್ಲ. ತೆಳುವಾದ ಬೇರೆ ಚೌಕಟ್ಟಿಗೆ ಜಾಳಿಗೆ ಬಿಗಿದು, ಕದ ತೆರೆದು ಮುಚ್ಚಲು ಅಡ್ಡಿಯಾಗದ ಬದಿಯಲ್ಲಿ ನಾಲ್ಕು ಸ್ಕ್ರೂ ಹಾಕಿ ನಿಲ್ಲಿಸಿ. ನಾಳೆ ಬೇಡವೆಂದರೆ ಬಿಚ್ಚಿದರಾಯಿತು. ಬೇಕೆಂದಾಗ ಹಿಂದಕ್ಕೆ ತೆಗೆಯಬಹುದಾದ ಕೆಲಸವೇ ಒಳ್ಳೆಯ ದುರಸ್ತಿ ಎಂದು ಪರಂಪರೆ ಕಟ್ಟಡಗಳ ತಜ್ಞರೂ ಹೇಳುತ್ತಾರೆ.

ಕೊನೆಗೆ

"ಹಳೇ ಕಟ್ಟಿಗೆ ಕಿಟಕಿಯ ಆಯುಷ್ಯ ಮುಗಿದಿದೆ" ಎಂಬ ಮಾತು ಹೆಚ್ಚಿನ ಸಂದರ್ಭಗಳಲ್ಲಿ ಸರಿಯಲ್ಲ. ಕೆಟ್ಟಿರುವುದು ನೀರು ನಿಂತ ಜಾಗ ಮಾತ್ರ, ಅದನ್ನು ಕಸಿ ಮಾಡಬಹುದು. ಬಿಸಿಲು ತಡೆಯುವುದರಲ್ಲಿ ಅದು ಗಾಜು–ಅಲ್ಯುಮಿನಿಯಂಗಿಂತ ಮುಂದಿದೆ. ಸಿಮೆಂಟ್, ಕರಿ ಎಣ್ಣೆ ಎರಡೂ ಬೇಡ. ಹಳೇ ಬಣ್ಣದ ಪುಡಿಯ ವಿಷಯದಲ್ಲಿ ಮಾತ್ರ ಉದಾಸೀನ ಬೇಡವೇ ಬೇಡ.

ಯಾರಾದರೂ "ಕಿತ್ತು ಹಾಕಿ" ಎಂದರೆ ಹೂಂ ಎನ್ನುವ ಮೊದಲು ಒಂದು ದಬ್ಬಣ ತೆಗೆದುಕೊಂಡು ಕಿಟಕಿಯ ಹತ್ತಿರ ಹೋಗಿ. ಎಲ್ಲಿ ಇಳಿಯುತ್ತದೆ, ಎಲ್ಲಿ ಇಳಿಯುವುದಿಲ್ಲ ಎಂದು ನೋಡಿದ ಮೇಲೆ ತೀರ್ಮಾನಿಸಿ.